ಒಳಗಿನ ಮಂದಿನ್ನ ಕೇಳದ ಬರದ ಚರಿತ್ರೆ

ಯಕ್ಕಾ, ವೈನಿ, ಚಿಗವ್ವ, ಓಣಿ ತಂಗ್ಯಾರೆಲ್ಲಾ, ಈ ಸಲ ಅಡಗಿ ಸುದ್ದಿ ಇಲ್ಲ. ಪುಂಡಿಪಲ್ಯದ ಉಳದ ಮಾತು ಮುಂದಿನ ಸಲ ಬರೀತೀನಿ. ಈ ಸಲ ನನಗ ಸಿಟ್ಟು ಬಂದದ, ಅದನ್ನ ಮೊದ್ಲ ಹೇಳಿ ಮುಗಸ್ತೀನಿ.

ಬ್ಯಾಸಗ್ಯಾಗ ಒಂದಿನ ನಮ್ಮ ಮನಿ ಮುಂದಿನ ಕಟ್ಟಿಗೆ ಇಬ್ಬರು ಬಂದು ಕುಂತ್ರು. ಕೈಯಾಗ ಫಾರ್ಮು, ಮೊಬೈಲು, ಹೆಗಲಿಗೆ ಚೀಲ. ನಮ್ಮ ಜನಾಂಗದ ಚರಿತ್ರೆ, ಸಂಸ್ಕೃತಿ ಬಗ್ಗೆ ಅಧ್ಯಯನ ಮಾಡಕತ್ತೀವಿ ಅಂದ್ರು. ಎಲ್ಲಿಂದ ಬಂದಿದ್ರು ಅನ್ನೋದು ಇಲ್ಲಿ ಬ್ಯಾಡ, ಹುಡುಗರು ಛಲೋ ಇದ್ರು, ಮರ್ಯಾದಿಲೆ ಮಾತಾಡಿದ್ರು. ನಮ್ಮ ಮಾವಾರು, ಅವರ ತಮ್ಮ, ಬಾಜು ಮನಿ ಹಿರ್‍ಯಾರು, ಒಟ್ಟು ಐದಾರು ಮಂದಿ ಗಂಡಸರು ಕೂಡಿದ್ರು. ನಾ ಚಹಾ ಒಯ್ದು ಕೊಟ್ಟೆ. ನಮ್ಮ ಅತ್ತಿ ಬಾಗಲ ಹಿಂದ ಅಕ್ಕಿ ಹಸನ ಮಾಡಕೋತ ಕುಂತಿದ್ರು.

ಮನಿದೇವ್ರು ಯಾವ್ದು, ಬೆಡಗು ಎಷ್ಟು, ಮದುವಿ ಹೆಂಗ, ಮಣ್ಣು ಮಾಡೋದು ಹೆಂಗ, ಎಲ್ಲಾ ಕೇಳಿದ್ರು. ಆಮ್ಯಾಲ ಕೇಳಿದ್ರು ನೋಡ್ರಿ: "ಬಾಣಂತನದಾಗ ನಿಮ್ಮ ಜನಾಂಗದಾಗ ಏನೇನು ಪದ್ಧತಿ ಅವ?" ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ನಮ್ಮ ಸಣ್ಣ ಮಾವಾರು ಅಂದ್ರು, "ಅದು ಹೆಂಗಸರ ಬಾಬ್ತು ಸಾರ್, ವಿಶೇಷ ಏನೂ ಇಲ್ಲ, ಹಂಗ ಬರಕೊಳ್ರಿ." ಆ ಹುಡುಗ ಬರಕೊಂಡ. ವಿಶೇಷ ಏನೂ ಇಲ್ಲ.

ಬಾಗಲ ಹಿಂದ ಕುಂತ ನಮ್ಮ ಅತ್ತಿ ಹನ್ನೊಂದು ಬಾಣಂತನ ಮಾಡ್ಯಾರ. ಹೊರಸಿನ ಕೆಳಗ ಕುಳ್ಳಿನ ಕೆಂಡ ಎಷ್ಟು ಹೊತ್ತು ಇಡಬೇಕು, ಅಳವಿ ಯಾವಾಗ ಕೊಡಬೇಕು, ಅಂಟು ಉತ್ತತ್ತಿ ಕೊಬ್ಬರಿ ಯಾವ ಹದಕ್ಕ ಕುಟ್ಟಬೇಕು, ಐದನೇ ದಿನ ಏನೇನು ಇಡಬೇಕು, ಕೂಸಿನ ತೊಟ್ಟಲಿಗೆ ಯಾರ ಹೆಸರು ಮೊದ್ಲ ಕೂಗಬೇಕು, ಎಲ್ಲಾ ಅವರ ಬಾಯಾಗ ಅದ. ಅವರಿಂದ ನಾಕು ಹೆಜ್ಜಿ ದೂರ ಕುಂತ ಫಾರ್ಮಿನಾಗ ವಿಶೇಷ ಏನೂ ಇಲ್ಲ ಅಂತ ಆತು. ನಮ್ಮ ಕಡಿ ಕೂಸಿನ ಹಣಿಬರಾ ಬರಿಯಾಕಿ ಶೆಟಿಗೆವ್ವ, ಹೆಣ್ಣದೇವ್ರು. ಜನಾಂಗದ ಹಣಿಬರಾ ಬರಿಯೋ ಫಾರ್ಮಿನಾಗ ಮಾತ್ರ ಹೆಣ್ಣಿಗೆ ಜಾಗ ಇಲ್ಲ.

ನೀವು ಅನಬಹುದು, ಬರದ್ರ ಬರೀಲಿ ಬಿಡವ್ವ, ಯಾರ ಓದ್ತಾರ ಅದನ್ನ, ನಮ್ಮ ರೊಟ್ಟಿ ಸುಡೋದು ತಪ್ಪತದೇನು ಅಂತ. ನಾನೂ ಮೊದ್ಲ ಹಂಗ ಅಂದಕೊಂಡಿದ್ದೆ. ಅದು ತಪ್ಪು. ಆ ಕಾಗದಕ್ಕ ಬೆಲಿ ಅದ.

ಕುಲಶಾಸ್ತ್ರೀಯ ಅಧ್ಯಯನ ಅಂತ ಪೇಪರಿನಾಗ ಓದಿರ್ತೀರಿ. ಯಾವುದರ ಜನಾಂಗ ನಮ್ಮನ್ನ ಎಸ್‌ಟಿ ಪಟ್ಟಿಗೆ ಸೇರಸ್ರಿ ಅಂತ ಕೇಳಿದ್ರ, ಸರ್ಕಾರ ಮೊದ್ಲ ಈ ಅಧ್ಯಯನ ಮಾಡಸ್ತದ. ರಾಜ್ಯದಿಂದ ಆ ವರದಿ ದಿಲ್ಲಿಗೆ ಹೋಗ್ತದ, ಅಲ್ಲಿ ರಿಜಿಸ್ಟ್ರಾರ್ ಜನರಲ್ ಆಫೀಸಿನೋರು ನೋಡ್ತಾರ, ಎಸ್‌ಟಿ ಆಯೋಗ ನೋಡ್ತದ, ಎಲ್ಲಾರೂ ಹ್ಞೂಂ ಅಂದ್ರ ಆಮ್ಯಾಲ ಸಂಸತ್ತಿನಾಗ ಕಾಯ್ದೆ ಆಗ್ತದ. 1991 ರಾಗ ನಾಯಕ, ಬೇಡ, ಬೇಡರ, ವಾಲ್ಮೀಕಿ ಅನ್ನೋ ಹೆಸರು ನಮ್ಮ ರಾಜ್ಯದ ಪಟ್ಟಿಗೆ ಬಂದವು. ಪರಿವಾರ, ತಳವಾರ ಅನ್ನೋ ಹೆಸರು ಬರಾಕ 2020 ಆಗಬೇಕಾತು. ನಡುವ ಇಪ್ಪತ್ತೊಂಬತ್ತು ವರ್ಷ. ಅಷ್ಟರಾಗ ಎಷ್ಟು ಹುಡುಗ್ಯಾರು ಸಾಲಿ ಬಿಟ್ಟು ಹತ್ತಿ ಬಿಡಸಾಕ ಹೋದ್ರು, ಲೆಕ್ಕ ಹಾಕ್ರಿ. ನಮ್ಮ ಜಿಲ್ಲಾದಾಗ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ, ಮಸ್ಕಿ, ನಾಕು ಎಮ್ಮೆಲ್ಲೆ ಸೀಟು ಎಸ್‌ಟಿಗೆ ಮೀಸಲು ಅವ. ಹೆಸರು, ಕಾಗದ, ಪಟ್ಟಿ ಅಂದ್ರ ನಮ್ಮ ಕಡಿ ಬಾಯಿಮಾತು ಅಲ್ಲ, ಹೊಟ್ಟಿಮಾತು.

ಆ ಅಧ್ಯಯನದಾಗ ಏನು ನೋಡ್ತಾರ ಗೊತ್ತದೇನು? 1965 ರಾಗ ಲೋಕುರ್ ಸಮಿತಿ ಅಂತ ಒಂದಿತ್ತು. ಅದು ಐದು ಗುರುತು ಹೇಳ್ಯದ: ಆದಿ ಕಾಲದ ಲಕ್ಷಣ ಇರಬೇಕು, ಬ್ಯಾರೆ ಯಾರಿಗೂ ಇಲ್ಲದ ಸಂಸ್ಕೃತಿ ಇರಬೇಕು, ದೂರ ಒಂಟಿಯಾಗಿ ಇರಬೇಕು, ಹೊರಗಿನ ಮಂದಿ ಜೋಡಿ ಬೆರಿಯಾಕ ನಾಚಬೇಕು, ಹಿಂದುಳದಿರಬೇಕು. ಇವತ್ತಿಗೂ ಅದರ ಮ್ಯಾಲೇ ಅಳೀತಾರ.

ನಾಚಬೇಕಂತ! ನಾಚಿಕಿ ನೋಡಬೇಕಿದ್ರ ಬಾಗಲ ಹಿಂದ ಬರ್‍ರಿ, ಅಲ್ಲಿ ನಿಂತೀವಿ ನಾವು. ಬ್ಯಾರೆ ಯಾರಿಗೂ ಇಲ್ಲದ ಸಂಸ್ಕೃತಿ ಬೇಕಿದ್ರ ಅದೂ ಒಳಗ ಅದ. ಗಂಡಸರು ಎಲ್ಲಾ ಕಡಿ ಒಂದೇ ಥರ ಪ್ಯಾಂಟು ಅಂಗಿ ಹಾಕ್ಕೊಂಡು, ಒಂದೇ ಹೋಟಲ್‌ನ್ಯಾಗ ಚಹಾ ಕುಡದು, ಒಂದೇ ಪಾರ್ಟಿ ಮಾತಾಡ್ತಾರ. ಬ್ಯಾರೆ ಅನ್ನೋದು ಉಳದದ್ದು ಹಚ್ಚಿಬಟ್ಟಿನಾಗ, ಕುಬಸದ ಬುತ್ತ್ಯಾಗ, ಸೋಬಾನ ಪದದಾಗ, ಎಳ್ಳ ಅಮಾಸಿಗೆ ಯಾವ ಪಲ್ಯ ಬೆರಸಿ ಚರಗ ಚೆಲ್ಲತೀವಿ ಅನ್ನೋದ್ರಾಗ. ಗುರುತು ಇಟ್ಟಿರೋದು ಹೆಣ್ಣಮಕ್ಕಳ ಮೈಮ್ಯಾಲ, ಪ್ರಶ್ನೆ ಕೇಳೋದು ಗಂಡಸರನ್ನ. ಇದಕ್ಕ ಸಂಶೋಧನೆ ಅಂತಾರ.

ಇದು ಇವತ್ತಿನ ರೋಗ ಅಲ್ಲ, ಬುಡದಿಂದ ಬಂದದ್ದು. ನಮ್ಮ ಬಾಜು ಸುರಪುರ ನೋಡ್ರಿ. 1841 ರಿಂದ ಅಲ್ಲಿ ಮೆಡೋಸ್ ಟೇಲರ್ ಇದ್ದ, ಟೇಲರ್ ಮಂಜಿಲ್ ಇನ್ನಾ ಅದ. ಬೇಡರ ನಾಯಕರ ಬಗ್ಗೆ ಹೊರಗಿನ ಲೋಕಕ್ಕ ಗೊತ್ತಾದದ್ದು ಬಹಳ ಮಟ್ಟಿಗೆ ಅವನ ಬರವಣಿಗೆಯಿಂದ. ಅವನು ತೀರಿಕೊಂಡ ಮ್ಯಾಲ 1877 ರಾಗ ಅವನ ಆತ್ಮಕಥಿ ಅಚ್ಚಾತು. ಅದರಾಗ ರಾಣಿ ಈಶ್ವರಮ್ಮ ಬರ್ತಾಳ, ರಾಜಾ ವೆಂಕಟಪ್ಪ ನಾಯಕನ ತಾಯಿ. ಬರದವನು ಯಾರು? ಸಣ್ಣ ಮಗನ ಕಾಲದಾಗ ಸಂಸ್ಥಾನ ಯಾರು ನಡಸಬೇಕು ಅಂತ ಆಕಿ ಜೋಡಿ ಹಗ್ಗಜಗ್ಗಾಟ ಆಡಿದ ಮನುಷ್ಯಾನೇ. ನಿಮ್ಮ ಮ್ಯಾಲಿನ ಫಿರ್ಯಾದಿ ಬರದವನ ಕೈಯಾಗಿಂದ ನಿಮ್ಮ ಚರಿತ್ರೆ ಓದಿದ್ರ ಹೆಂಗ ಇರತದ? ಟೇಲರ್ ಒಳ್ಳೇ ಕೆಲಸ ಮಾಡಿಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ಈಶ್ವರಮ್ಮನ ಮಾತು ಈಶ್ವರಮ್ಮನ ಬಾಯಿಂದ ನಮಗ ಸಿಗಲಿಲ್ಲ ಅಷ್ಟ.

ಅದಾದ ಮ್ಯಾಲ ಸರ್ಕಾರದೋರು ಜಾತಿ, ಬುಡಕಟ್ಟು ಅಂತ ದಪ್ಪ ದಪ್ಪ ಪುಸ್ತಕ ಬರಸಿದ್ರು. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ 1909 ರಾಗ ಏಳು ಸಂಪುಟ ತಂದ. ಆತ ಮಂದಿ ತಲಿ, ಮೂಗು ಅಳತಿ ಮಾಡ್ತಿದ್ದ, ಕಬ್ಬಿಣದ ಅಳತಿ ಸಾಮಾನು ಇಟ್ಟಕೊಂಡು. ಮೂಗಿನ ಅಳತಿ ಬೇಕಾತು, ಮೂಗಿನ ಒಡತಿ ಹೆಸರು ಬೇಕಾಗಲಿಲ್ಲ. ನಮ್ಮ ರಾಯಚೂರು ಆಗ ನಿಜಾಮ ರಾಜ್ಯದಾಗಿತ್ತು. ಆ ರಾಜ್ಯದ ಜಾತಿಗಳ ಪುಸ್ತಕ 1920 ರಾಗ ಬಂತು, ಸಯ್ಯದ್ ಸಿರಾಜ್ ಉಲ್ ಹಸನ್ ಬರದದ್ದು, ಇಂಗ್ಲಿಷ್‌ನ್ಯಾಗ. ಬೇಡರು ಅದರಾಗ ಅದಾರ, ಲಂಬಾಣಿಗರು ಅದಾರ, ಮಾದಿಗರು ಅದಾರ. ಅವರಾಗ ಯಾವ ಹೆಣ್ಣಮಗಳು ಅದನ್ನ ಓದಿ "ಇದು ತಪ್ಪದ" ಅಂತ ಹೇಳಬೇಕಾಗಿತ್ತು?

ಬರದದ್ದು ಬರೇ ಪುಸ್ತಕದಾಗ ಕುಂದ್ರಂಗಿಲ್ಲ ಅನ್ನೋದಕ್ಕ ಇನ್ನೊಂದು ಸಾಕ್ಷಿ. 1871 ರಾಗ ಇಂಗ್ಲಿಷರು ಒಂದು ಕಾಯ್ದೆ ತಂದ್ರು, ಕೆಲವು ಜನಾಂಗ ಹುಟ್ಟಿನಿಂದಲೇ ಕಳ್ಳರು ಅಂತ. ಊರೂರು ತಿರಗಿ ಉಪ್ಪು ಮಾರೋರು, ಬುಟ್ಟಿ ಹೆಣಿಯೋರು, ಎಲ್ಲಾರನ್ನೂ ಪಟ್ಟಿಗೆ ಹಾಕಿದ್ರು, ಪೊಲೀಸರ ಮುಂದ ಹಾಜರಿ ಹಾಕಬೇಕು. ಹಂಗ ಬರದದ್ದು ಅಳಸಾಕ 1952 ಆಗಬೇಕಾತು. ಕಾಗದದಾಗ ಅಳೀತು, ಮಂದಿ ಬಾಯಾಗ ಇನ್ನಾ ಅಳದಿಲ್ಲ. ಬುಟ್ಟಿ ಮಾರಾಕ ಬಂದಾಕಿನ್ನ ಕಂಡ್ರ ನಮ್ಮೋಣ್ಯಾಗೂ ಕೆಲವರು ಬಾಗಲ ಹಾಕ್ಕೊಂತಾರ. ಸುಳ್ಳೇನು?

ಇಂಗ್ಲಿಷರು ಹಂಗ ಮಾಡಿದ್ರು, ನಮ್ಮೋರು ಮಾಡಿದ್ರ ಬ್ಯಾರೆ ಇರಬೇಕಲ್ಲ? 1985 ರಾಗ ನಮ್ಮ ಸರ್ಕಾರದ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ "ಪೀಪಲ್ ಆಫ್ ಇಂಡಿಯಾ" ಅಂತ ದೊಡ್ಡ ಕೆಲಸ ಸುರು ಮಾಡ್ತು, ಕೆ. ಎಸ್. ಸಿಂಗ್ ಅವರ ಮುಂದಾಳತನದಾಗ. ಇಡೀ ದೇಶದಾಗ 4,635 ಸಮುದಾಯ ಗುರುತಿಸಿದ್ರು. ಅಂಥ ಕೆಲಸ ಅದಕ್ಕಿಂತ ಮೊದ್ಲ ಯಾರೂ ಮಾಡಿದ್ದಿಲ್ಲ, ಅದಕ್ಕ ಕೈ ಮುಗೀತೀನಿ. ಆದ್ರ ಅವರೇ ಕೊಟ್ಟ ಲೆಕ್ಕ ಕೇಳ್ರಿ. 24,951 ಮಂದಿನ್ನ ಮಾತಾಡಿಸಿದ್ರು, ಅದರಾಗ ಹೆಣ್ಣಮಕ್ಕಳು 4,981. ಐದು ಮಂದ್ಯಾಗ ಒಬ್ಬಾಕಿ. ಒಂದೊಂದು ಸಮುದಾಯಕ್ಕ ಕೊಟ್ಟ ದಿನ, ಸರಾಸರಿ ಐದೂವರೆ. ಮಾವಿನಕಾಯಿ ಉಪ್ಪಿನಕಾಯಿ ಹಾಕಿದ್ರ ಹದಕ್ಕ ಬರಾಕ ಅದಕ್ಕಿಂತ ಜಾಸ್ತಿ ದಿನ ಬೇಕು. ಐದೂವರೆ ದಿನದಾಗ ಒಂದು ಜನಾಂಗ ತಿಳಿಯೋದು ಹೆಂಗ, ಅದೂ ಐದರಾಗ ನಾಕು ಪಾಲು ಕಟ್ಟಿ ಮ್ಯಾಲ ಕುಂತವರನ್ನ ಕೇಳಿ?

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಹೆಣ್ಣಮಕ್ಕಳನ್ನ ಕೇಳ್ರಿ ಅನ್ನೋದು ಮರ್ಯಾದಿ ಕೊಡ್ರಿ ಅಂತ ಅಷ್ಟ ಅಲ್ಲ. ಕೇಳದಿದ್ರ ಉತ್ತರನೇ ತಪ್ಪಾಗ್ತದ. ಯಾಕಂದ್ರ ಗಂಡಸು ಹುಟ್ಟಿದ ಊರಾಗ ಇರ್ತಾನ, ಅವನಿಗೆ ಒಂದೂರಿನ ಚರಿತ್ರೆ ಗೊತ್ತು. ನಾವು ತವರುಮನಿ ಊರು ಬಿಟ್ಟು ಗಂಡನ ಮನಿ ಊರಿಗೆ ಬಂದೋರು. ನಮ್ಮ ಅವ್ವ ಇನ್ನೊಂದು ಊರಿಂದ ಬಂದಾಕಿ. ಅಕ್ಕ ಮಾನ್ವಿ ಕಡಿ, ತಂಗಿ ದೇವದುರ್ಗದ ಕಡಿ. ಒಂದು ಹೆಣ್ಣಮಗಳ ತಲ್ಯಾಗ ನಾಕೈದು ಊರಿನ ಪದ್ಧತಿ ಇರ್ತಾವ, ಯಾವ್ದು ಒಂದೇ, ಯಾವ್ದು ಬ್ಯಾರೆ ಅಂತ ಆಕಿ ಮೊದಲ ದಿನನೇ ಕಲ್ತಿರ್ತಾಳ. ಕಲೀದಿದ್ರ ಅತ್ತಿ ಬಾಯಿಗೆ ಸಿಗಬೇಕಲ್ಲ! ಜನಾಂಗಕ್ಕ ಜನಾಂಗ ಹೋಲಿಸಿ ನೋಡೋದು ಅಂತ ಕಾಲೇಜಿನಾಗ ಕಲಿಸ್ತಾರ. ನಾವು ಮದುವ್ಯಾದ ಮರುದಿನ ಒಲಿ ಮುಂದ ಕಲ್ತೀವಿ.

ನಮ್ಮ ದೇವಸುಗೂರಿನ್ನೇ ತಗೋರಿ. ಹೊಳಿ ದಾಟಿದ್ರ ತೆಲಂಗಾಣ. 1956 ರ ನವೆಂಬರ್ ಒಂದಕ್ಕಿಂತ ಮೊದ್ಲ ಈ ದಂಡಿ, ಆ ದಂಡಿ ಎರಡೂ ಹೈದರಾಬಾದ್ ರಾಜ್ಯನೇ. ಈಗ ಕೃಷ್ಣಾ ಹೊಳಿ ನಡುವ ಗಡಿ. ಆದ್ರ ಹೆಣ್ಣು ಕೊಡೋದು ತರೋದು ನಿಂತದೇನು? ಮಖ್ತಲ್ ಕಡಿಂದ, ನಾರಾಯಣಪೇಟ ಕಡಿಂದ ಸೊಸ್ತ್ಯಾರು ಬರ್ತಾರ, ನಮ್ಮ ಹುಡುಗ್ಯಾರು ಅತ್ತ ಹೋಗ್ತಾರ. ಜಾತ್ರಿಗೆ ಸೂಗೂರೇಶ್ವರಗ ಆ ಕಡಿ ಮಂದಿ ಬರ್ತಾರ. ಸೂಗಪ್ಪ, ಸೂಗಮ್ಮ ಅನ್ನೋ ಹೆಸರು ಹೊಳಿ ಕೇಳಿ ಇಡಂಗಿಲ್ಲ.

ಕಾಗದ ನೋಡ್ರಿ ಈಗ. ನಮ್ಮ ಕಡಿ ಬೇಡ, ವಾಲ್ಮೀಕಿ ಅಂದ್ರ ಎಸ್‌ಟಿ. ಹೊಳಿ ಆಚಿ ವಾಲ್ಮೀಕಿ ಬೋಯ ಅಂದ್ರ ಬಿಸಿ ಪಟ್ಟಿ. ಲಂಬಾಣಿಗರು ಆಚಿ ಕಡಿ ಎಸ್‌ಟಿ, ನಮ್ಮ ಕಡಿ ಎಸ್‌ಸಿ, ಮಹಾರಾಷ್ಟ್ರಕ್ಕ ಹೋದ್ರ ವಿಮುಕ್ತ ಜಾತಿ. ಒಂದೇ ಮಂದಿ, ಒಂದೇ ಮಾತು, ಒಂದೇ ಕನ್ನಡಿ ಹಚ್ಚಿದ ಲಂಗ, ಕಾಗದ ಮಾತ್ರ ಮೂರು. ಆ ಕಡಿಂದ ಬಂದ ಸೊಸಿ ತನ್ನ ಕಾಗದ ಇಲ್ಲಿ ತೋರಿಸಿದ್ರ ನಡಿಯಂಗಿಲ್ಲ. ಇವರು ಅವರು ಒಂದೇ ಅಂತ ಸಾಕ್ಷಿ ಯಾರು ಹೇಳಬೇಕು? ಕಟ್ಟಿ ಮ್ಯಾಲಿನ ಹಿರ್‍ಯಾ ಹೇಳ್ತಾನೇನು, ಅವನು ಹೊಳಿ ದಾಟಿದ್ದು ಮದುವಿ ಊಟಕ್ಕ ಅಷ್ಟ. ಆ ದಂಡ್ಯಾಗ ಹುಟ್ಟಿ ಈ ದಂಡ್ಯಾಗ ಬಾಳೇ ಮಾಡಿದಾಕಿ ಹೇಳಬೇಕು. ತೆಲುಗಿನಾಗ ಜೋಗುಳ ಕೇಳಿ ಬೆಳದು ಕನ್ನಡದಾಗ ಜೋಗುಳ ಹಾಡಿದಾಕಿ ಹೇಳಬೇಕು. ಆಕಿನ್ನ ಯಾವ ಫಾರ್ಮೂ ಕೇಳಿಲ್ಲ.

ಒಬ್ಬಾಕಿ ಹೆಣ್ಣಮಗಳು ಕೇಳಿದ್ರ ಏನು ಕಾಣ್ತದ ಅನ್ನೋದಕ್ಕ ಇರಾವತಿ ಕರ್ವೆ ಅವರ ಹೆಸರು ಹೇಳಬೇಕು. ಪುಣೆಯಾಕಿ, ಮಾನವಶಾಸ್ತ್ರ ಓದಿದಾಕಿ, ಊರೂರು ತಿರಗಿ ಬೀಗಸ್ತನದ ಲೆಕ್ಕ ಬರಕೊಂಡಾಕಿ. 1953 ರಾಗ ಬಂದ ಅವರ ಪುಸ್ತಕದಾಗ ಒಂದು ಮಾತು ಅದ: ಉತ್ತರ ದೇಶದಾಗ ಮದುವ್ಯಾದ ಹುಡುಗಿ ಗುರುತಿಲ್ಲದ ಮಂದ್ಯಾಗ ಹೋಗಿ ಬೀಳ್ತಾಳ, ನಮ್ಮ ದಕ್ಷಿಣದಾಗ ಸೋದರಮಾವಗೋ ಅತ್ತಿ ಮಗಗೋ ಕೊಡ್ತಾರ, ಹುಡುಗಿ ಗುರುತಿನ ಮನಿಗೇ ಹೋಗ್ತಾಳ. ಗಂಡಸರು ಬರದ ಪುಸ್ತಕದಾಗೂ ಸೋದರಿಕಿ ಮದುವಿ ಅಂತ ಇರತದ. ಆದ್ರ ಹುಡುಗಿ ಕಣ್ಣಿಂದ ನೋಡಿದ್ರ ಅದು ಬರೇ ಪದ್ಧತಿ ಅಲ್ಲ, ಆಕಿ ಬಾಳೇನೇ ಅದ. ಗುರುತಿನ ಮನಿ ಅಂದ ಮಾತ್ರಕ್ಕ ಸುಖ ಅಂತಲ್ಲ, ನಮ್ಮ ಮನ್ಯಾಗ ಸೋದರಮಾವಗ ಕೊಟ್ಟ ಹುಡುಗ್ಯಾರ ಪಾಡು ನಮಗ ಗೊತ್ತದ. ಅದನ್ನೂ ಕೇಳಬೇಕು ಅಂತೀನಿ ನಾ.

ಇನ್ನು ಹೆಸರಿನ ಮಾತು. "ಗರತಿಯ ಹಾಡು" ಕೇಳೀರಿ, 1931 ರಾಗ ಹಲಸಂಗಿ ಗೆಳೆಯರು ತಂದ ಪುಸ್ತಕ. ಬೀಸೋಕಲ್ಲಿನ ಮುಂದಿನ ಹಾಡು ಕನ್ನಡಕ್ಕ ದೊಡ್ಡ ಆಸ್ತಿ ಅಂತ ತೋರಿಸಿದೋರು ಅವರು. ಅವರು ಕೂಡಿಸದಿದ್ರ ಆ ಹಾಡು ಹಿಟ್ಟಿನ ಜೋಡಿ ಹಾರಿ ಹೋಗ್ತಿದ್ದವು. ಅದು ಖರೇ. ಆದ್ರ ಕೂಡಿಸಿದೋರ ಹೆಸರು ಸಾಲಿ ಹುಡುಗರಿಗೂ ಗೊತ್ತು. ಹಾಡಿದಾಕಿ ಹೆಸರು ನಿಮಗ್ಯಾರಿಗರ ಗೊತ್ತದೇನು? ಆಕಿ ಬರೇ "ಗರತಿ". ಮೂಗಿನ ಒಡತಿಗೆ ಹೆಸರಿಲ್ಲ, ಹಾಡಿನ ಒಡತಿಗೂ ಹೆಸರಿಲ್ಲ.

ಬ್ಯಾರೆ ಥರ ಮಾಡಾಕ ಬರತದ ಅಂತ ದರೋಜಿ ಈರಮ್ಮನ್ನ ನೋಡಿದ್ರ ತಿಳೀತದ. ಸಂಡೂರು ತಾಲೂಕಿನ ದರೋಜಿ, ಬುಡ್ಗಜಂಗಮರ ಹೆಣ್ಣಮಗಳು, ಬುರ್ರಕಥಾ ಹೇಳಾಕಿ. ಒಂದಕ್ಷರ ಓದಾಕ ಬರ್ತಿದ್ದಿಲ್ಲ, ಹನ್ನೆರಡು ಕಾವ್ಯ ಬಾಯಾಗಿದ್ದವು. ಆಕಿ ಹಾಡಿದ್ದು ಆಕಿ ಹೆಸರಿನ್ಯಾಗೇ ಪುಸ್ತಕ ಆದವು, ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಪದವಿ ಕೊಡ್ತು. 2014 ರಾಗ ತೀರಿಕೊಂಡಳು. ಇವತ್ತು ಬುರ್ರಕಥಾ ಅಂದ್ರ ಈರಮ್ಮ ಅಂತಾರ, ಬುಡ್ಗಜಂಗಮರು ಅಂದ್ರೂ ಈರಮ್ಮ ಅಂತಾರ. ಇಡೀ ಜನಾಂಗಕ್ಕ ಮರ್ಯಾದಿ ಬಂದದ್ದು ಒಬ್ಬ ಹೆಣ್ಣಮಗಳ ಹೆಸರು ಬರದದ್ದಕ್ಕ. ಹೆಸರು ಬರದ್ರ ಖರ್ಚೇನು? ಒಂದು ಸಾಲು ಮಸಿ.

ಕೆಲವರು ಇನ್ನೊಂದು ಮಾತು ಅಂತಾರ: ಹೆಂಗಸರನ್ನ ಕೇಳಿದ್ರ ಮನಿ ಮರ್ಯಾದಿ ಹೋಗ್ತದ, ಬ್ಯಾಡಾದ್ದೆಲ್ಲಾ ಹೇಳ್ತಾರ ಅಂತ. ಹೌದು, ಹೇಳ್ತೀವಿ. ಅದಕ್ಕೇ ಕೇಳಬೇಕು. ಗಂಡಸರನ್ನ ಕೇಳಿದ್ರ ಎಲ್ಲಾ "ನಮ್ಮ ಸಂಪ್ರದಾಯ" ಆಗ್ತದ. ಗೊಲ್ಲರಹಟ್ಟಿಗಳಾಗ ಮುಟ್ಟಾದಾಕಿ, ಹಡದಾಕಿ ಹಟ್ಟಿ ಹೊರಗ ಗುಡಿಸಲದಾಗ ಇರಬೇಕು ಅನ್ನೋದನ್ನ ಪುಸ್ತಕದಾಗ ಮಡಿ ಮೈಲಿಗಿ ನಂಬಿಕಿ ಅಂತ ಬರೀತಾರ. 2023 ರ ಜುಲೈದಾಗ ತುಮಕೂರು ತಾಲೂಕಿನ ಒಂದು ಹಟ್ಟ್ಯಾಗ ಹಂಗ ಹೊರಗಿಟ್ಟ ಬಾಣಂತಿ ಕೂಸು ಮಳಿ ಥಂಡಿಗೆ ಸತ್ತು ಹೋತು. ಆ ತಾಯಿನ್ನ ಕೇಳಿದ್ರ ಅದಕ್ಕ ನಂಬಿಕಿ ಅಂತಾಳೇನು? ನಮ್ಮ ಜಿಲ್ಲಾದಾಗ ಮುತ್ತು ಕಟ್ಟೋದು ಇತ್ತು, 1982 ರಾಗ ಕಾಯ್ದೆ ಮಾಡಿ ನಿಲ್ಲಸ್ರಿ ಅಂದ್ರು. ಅದನ್ನೂ ದೇವರ ಸೇವಾ ಅಂತ ಬರದೋರು ಇದ್ರು. ಮುತ್ತು ಕಟ್ಟಿಸಿಕೊಂಡಾಕಿನ್ನ ಕೇಳಿ ಬರದಿದ್ರ ಬ್ಯಾರೆ ಶಬ್ದ ಬರ್ತಿದ್ದವು. ಸಂಸ್ಕೃತಿ ಅಂದ್ರ ಬರೇ ಛಂದ ಕಾಣೋದಲ್ಲ. ಯಾರಿಗೆ ನೋವಾಗ್ತದ ಅನ್ನೋದೂ ಚರಿತ್ರೇನೇ.

ಓದಿದ ನಮ್ಮ ಹುಡುಗರು ಮತ್ತೊಂದು ಅಂತಾರ: ಈ ಜಾತಿ, ಜನಾಂಗ ಕೆದಕೋದ್ಯಾಕ, ಎಲ್ಲಾ ಮರತು ಮುಂದ ಹೋಗೂಣು. ನಾ ಅವರಿಗೆ ಕೇಳ್ತೀನಿ, ಮರೀಬೇಕು ಅನ್ನೋರು ಮದುವಿ ಮಾತು ಬಂದಾಗ ಬೆಡಗು ಯಾಕ ಕೇಳ್ತೀರಿ? ಬಾಡಿಗಿ ಮನಿ ಕೊಡುವಾಗ ಅಡ್ಡಹೆಸರು ಯಾಕ ಕೇಳ್ತೀರಿ? ಅಲ್ಲಿ ಮರೀರಿ ಮೊದ್ಲ. ಬರದಿಡೋದು ಬಿಟ್ಟಕೂಡ್ಲೆ ಜಾತಿ ಹೋಗಂಗಿಲ್ಲ, ಸಣ್ಣ ಮಂದಿ ಚರಿತ್ರೆ ಅಷ್ಟ ಹೋಗ್ತದ. ದೊಡ್ಡವರದು ಹೆಂಗೂ ಶಾಸನದಾಗ ಕೊರದದ.

ಈಗ ನಮ್ಮ ತಪ್ಪಿನ ಮಾತು, ಸಿಟ್ಟಾಗಬ್ಯಾಡ್ರಿ. ಬರಾವ್ರು ಕೇಳಂಗಿಲ್ಲ ಅನ್ನೋದು ಅರ್ಧ. ಕೇಳಿದ್ರ ನಾವೇನಂತೀವಿ? "ನಮಗೇನು ಗೊತ್ತಾಗತದ್ರೀ, ಅವರನ್ನ ಕೇಳ್ರಿ." ಆವತ್ತು ಚಹಾದ ತಾಟು ಹಿಡಕೊಂಡು ನಿಂತ ನಾನೂ ಒಂದು ಮಾತಾಡಲಿಲ್ಲ. ನಮ್ಮ ಅತ್ತಿ ಬಾಗಲ ಹಿಂದಿಂದ "ಅಲ್ಲ, ಹಂಗಲ್ಲ" ಅಂತ ಮೂರು ಸಲ ಅಂದ್ರು, ನನಗ ಕೇಳಿಸ್ತು, ಹೊರಗ ಹೇಳಲಿಲ್ಲ. ಆ ಫಾರ್ಮಿನಾಗಿನ "ವಿಶೇಷ ಏನೂ ಇಲ್ಲ" ಅನ್ನೋದ್ರಾಗ ನನ್ನ ಪಾಲೂ ಅದ. ಹನ್ನೊಂದು ಬಾಣಂತನ ಮಾಡಿದಾಕಿಗೆ ಏನೂ ಗೊತ್ತಿಲ್ಲಂದ್ರ, ಇನ್ನಾರಿಗೆ ಗೊತ್ತದವ್ವ?

ಹೆಂಗಸರು ಮುಂದ ಬರಂಗಿಲ್ಲ ಅಂತ ಸಂಶೋಧನೆ ಮಾಡೋರು ನೆಪ ಹೇಳ್ತಾರ. ಮುಂಜಾನೆ ಒಂಬತ್ತಕ್ಕ ಬಂದ್ರ ಯಾರು ಬರಬೇಕು? ಹಂಚು ಒಲಿ ಮ್ಯಾಲ ಇರತದ. ಮಧ್ಯಾಹ್ನ ಎರಡರ ಮ್ಯಾಲ ಬರ್‍ರಿ, ಭಾಂಡೆ ತೊಳದಾಗಿರತದ. ಹೆಣ್ಣಮಗಳನ್ನ ಜೋಡಿ ಕರಕೊಂಡ ಬರ್‍ರಿ. ಕಟ್ಟಿ ದಾಟಿ ಪಡಸಾಲ್ಯಾಗ ಕುಂದ್ರಿ, ಶೇಂಗಾ ಸುಲಕೋತ ಕೇಳ್ರಿ. "ನಿಮ್ಮ ಸಂಸ್ಕೃತಿ ಏನು" ಅಂದ್ರ ಯಾರ ಬಾಯೂ ಬಿಚ್ಚಂಗಿಲ್ಲ. "ಇದನ್ನ ನಿನಗ ಯಾರು ಕಲಿಸಿದ್ರು" ಅಂತ ಕೇಳ್ರಿ, ನೀವು ಸಾಕು ಅನ್ನೋತನಕ ಹೇಳ್ತಾಳ. ಹೇಳಿದಾಕಿ ಬ್ಯಾಡಂದ್ರ ಅಷ್ಟು ಬಿಡ್ರಿ, ಬೇಕಂದ್ರ ಹೆಸರು ಹಾಕ್ರಿ. ಬರದಾದ ಮ್ಯಾಲ ಅದೇ ಓಣಿಗೆ ತಂದು ಓದಿ ತೋರಿಸ್ರಿ, ಇಂಗ್ಲಿಷ್‌ನ್ಯಾಗಲ್ಲ, ನಮ್ಮ ಮಾತಿನ್ಯಾಗ. ತಪ್ಪಿದ್ದದ್ದು ತಿದ್ದತೀವಿ. ಅಷ್ಟು ಮಾಡದ ಕೆಲಸಕ್ಕ ಅಧ್ಯಯನ ಅನಬ್ಯಾಡ್ರಿ, ತನಿಖಿ ಅನ್ರಿ.

ನಾವು ಮಾಡೋದೇನು? 2025 ರ ಸೆಪ್ಟೆಂಬರ್ 22 ಕ್ಕ ರಾಜ್ಯದ ಸಮೀಕ್ಷೆ ಸುರು ಆದಾಗ ಅರವತ್ತು ಪ್ರಶ್ನೆ ಹಿಡಕೊಂಡು ಮನಿಮನಿಗೆ ಬಂದ್ರಲ್ಲ, ಆಗ ನಿಮ್ಮನಿ ಉತ್ತರ ಯಾರು ಹೇಳಿದ್ರು ನೆನಪು ಮಾಡಕೊಳ್ರಿ. 2027 ರ ಜನಗಣತ್ಯಾಗ ಮತ್ತ ಜಾತಿ ಬರಕೊಂತಾರ. ಎಲ್ಲಾ ಜಾತಿ ಲೆಕ್ಕ ಹಾಕಿದ ಜನಗಣತಿ ಕಡೀಗೆ ಆದದ್ದು 1931 ರಾಗ. ನಮ್ಮ ಮುತ್ತಜ್ಜಿ ಕಾಲ ಅದು, ಆಕಿ ಬಾಗಲ ಹಿಂದ ಇದ್ದಳು. ಈ ಸಲ ನಾವು ಬಾಗಲ ಮುಂದ ಕುಂದ್ರೂಣು. ಏನು ಬರಕೊಂಡ್ರಿ, ಓದಿ ಹೇಳ್ರಿ ಅಂತ ಕೇಳೂಣು.

ಮತ್ತ ಅವರು ಬರೋತನಕ ಕಾಯೋದ್ಯಾಕ? ಎಲ್ಲಾರ ಕೈಯಾಗೂ ಮೊಬೈಲ್ ಅದ. ಮನ್ಯಾಗಿನ ಹಿರೇ ಜೀವ ಹಾಡಾಕತ್ರ ಒತ್ತಿ ಇಡ್ರಿ. ಮೊದ್ಲ ಹೆಸರು ಹೇಳಸ್ರಿ, ತವರೂರು ಹೇಳಸ್ರಿ, ಯಾರಿಂದ ಕಲ್ತಳು ಅಂತ ಹೇಳಸ್ರಿ, ತಾರೀಖು ಹಾಕ್ರಿ. ಫೋನ್ ಕೆಟ್ರ ಹೋಗ್ತದ, ಅದಕ್ಕ ಇನ್ನೊಬ್ಬರಿಗೆ ಕಳಿಸಿ ಇಡ್ರಿ. ಬೆಡಗಿನ ಲೆಕ್ಕ, ಯಾವ ಮನಿಗೆ ಯಾವ ಮನಿ ಹೆಣ್ಣು ಕೊಡಂಗಿಲ್ಲ, ಯಾಕ ಕೊಡಂಗಿಲ್ಲ, ಇದನ್ನ ಒಂದು ನೋಟ್‌ಬುಕ್ಕಿನಾಗ ಬರೀರಿ. ಬರಿಯಾಕ ಬರದಿದ್ರ ಮೊಮ್ಮಕ್ಕಳ ಕೈಲಿ ಬರಸ್ರಿ, ರಜಾದಾಗ ಅವಕ್ಕೂ ಕೆಲಸ ಆಗ್ತದ.

ನಾ ಸುರು ಮಾಡೀನಿ. ಮೊನ್ನೆ ಅತ್ತಿನ್ನ ಕುಂದರಿಸಿ ಬಾಣಂತನದ್ದು ಕೇಳಿದೆ. "ಇದನ್ನೇನು ಬರೀತಿ ಬಿಡು" ಅಂದ್ರು ಮೊದ್ಲ. ಆಮ್ಯಾಲ ಸುರು ಮಾಡಿದ್ರು, ನೋಟ್‌ಬುಕ್ಕಿನ ಹದಿನಾಕು ಹಾಳಿ ತುಂಬಿದವು, ಇನ್ನಾ ಐದನೇ ದಿನಕ್ಕ ಬಂದಿಲ್ಲ. ಮ್ಯಾಲ ದೊಡ್ಡ ಅಕ್ಷರದಾಗ ಅವರ ಹೆಸರು, ಅವರ ಅವ್ವನ ಹೆಸರು ಬರದೀನಿ. ಎಳ್ಳ ಅಮಾಸಿಗೆ ಎಲ್ಲಾರೂ ಹೊಲಕ್ಕ ಬರ್ತೀರಲ್ಲ, ಬುತ್ತಿ ಜೋಡಿ ನಿಮ್ಮ ನೋಟ್‌ಬುಕ್ಕೂ ತರ್‍ರಿ. ಖಾಲಿ ತಂದೋರಿಗೆ ನನ್ನ ಭಜ್ಜಿ ಸಿಗಂಗಿಲ್ಲ, ಈಗೇ ಹೇಳೀನಿ.